ದಿಮ್ಮಿ ಸೇತುವೆಯ ಟೊಪ್ಪಿಗೆ

ಮೇಲಿನ ಕೋಣೆ

ಅಮೆರಿಕಕ್ಕೆ ಹೋಗಿ ಬಂದವನು ಸಿಕ್ಕರೆ ನಮ್ಮ ಬಸವನ ಬಾಗೇವಾಡಿಯ ಮಂದಿ ಎತ್ತರದ ಕಟ್ಟಡಗಳ ಸುದ್ದಿ ಕೇಳುತ್ತಾರೆ. ನಮ್ಮ ಕಾಕಾ ಅಂತೂ ಇಂಡಿ ಊರಿನ ಪೇಟೆಯಲ್ಲಿ ನಿಂಬೆಹಣ್ಣಿನ ದರ ವಿಚಾರಿಸುವವರ ಹಾಗೆ, "ಎಷ್ಟ್ ಅಂತಸ್ತಿಂದು ನೋಡಿ ಬಂದ್ಯೋ?" ಎಂದು ಕೇಳಿದರು. ನಾನು ಇದ್ದ ಊರಿನಲ್ಲಿ ಅಂಥ ಕಟ್ಟಡಗಳೇ ಇರಲಿಲ್ಲ. ಹೇಳಬೇಕಾದದ್ದು ಒಂದು ಟೊಪ್ಪಿಗೆಯ ಸಂಗತಿ, ಅದನ್ನು ಹೇಳಲು ಹೋದರೆ ಕಾಕಾ ಎದ್ದು ಎಮ್ಮೆಗೆ ನೀರು ಕುಡಿಸಲು ಹೋಗಿಬಿಡುತ್ತಾರೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಲಮಟ್ಟಿಯ ಅಣೆಕಟ್ಟಿನ ಕೆಲಸದಲ್ಲಿದ್ದ ಎಂಜಿನಿಯರ್. ಕಾಂಕ್ರೀಟಿನ ಪರೀಕ್ಷೆ ಕಲಿತು ಬಾ ಎಂದು ನನ್ನನ್ನು ರಾಕಿ ಪರ್ವತಗಳ ಬುಡದ ಒಂದು ಸಣ್ಣ ಊರಿಗೆ ಕಳಿಸಿದ್ದರು. ಜೊತೆಗೆ ಹೆಂಡತಿ ನೀಲವ್ವ ಇದ್ದಳು. ಅವಳು ತಂಗಡಗಿಯವಳು, ಕೃಷ್ಣೆಯ ದಂಡೆಯಲ್ಲಿ ಬೆಳೆದವಳು. ಮುದ್ದೇಬಿಹಾಳದ ಬಸ್ಸು ಹತ್ತಿದರೇ ತಲೆ ತಿರುಗುತ್ತದೆ ಎನ್ನುತ್ತಿದ್ದವಳು ಎರಡು ವಿಮಾನ ಬದಲಿಸಿ ಬಂದಳು, ನನಗೆ ತಲೆ ತಿರುಗಿತು, ಅವಳಿಗೆ ಏನೂ ಆಗಲಿಲ್ಲ.

ನಾವು ಹೆರಾಲ್ಡ್ ಎಂಬ ಮುದುಕರ ಮನೆಯ ಮೇಲಿನ ಕೋಣೆಯಲ್ಲಿದ್ದೆವು. ಎಪ್ಪತ್ತು ದಾಟಿದವರು, ರೈಲಿನ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಕೆಲವು ವರ್ಷ ಆಗಿತ್ತು. ಅಗಲ ಅಂಚಿನ ಕಂದು ಟೊಪ್ಪಿಗೆಯೊಂದನ್ನು ಸದಾ ಹಾಕಿರುತ್ತಿದ್ದರು. ಅಡುಗೆ ಮಾಡುವಾಗಲೂ ಅದು ತಲೆಯ ಮೇಲೆ. ಅವರ ತಲೆಯಲ್ಲಿ ಕೂದಲಿದೆಯೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. "ಟೊಪಿಗಿ ಅಜ್ಜ ಮಲಗೂ ಮುಂದರ ತೆಗೀತಾನೋ ಇಲ್ಲೋ?" ಎಂದು ನೀಲವ್ವ ನನ್ನನ್ನು ಕೇಳುತ್ತಿದ್ದಳು.

ಅಜ್ಜ ದಿನವೂ ಅವಳನ್ನು ಚಹಾಕ್ಕೆ ಕರೆಯುತ್ತಿದ್ದರು. ಅವರ ಒಲೆಯ ಮೇಲೆ ದಿನವೂ ಮಾಂಸ ಬೇಯುತ್ತಿತ್ತು, ಇವಳು ಆ ಅಡುಗೆಮನೆಯ ನೀರನ್ನೂ ಮುಟ್ಟುವವಳಲ್ಲ. ಬೇಡ ಎಂದರೆ ಮುದುಕರು ನೊಂದಾರು ಎಂದು "ಆಮ್ಯಾಲ" ಎಂದು ನಕ್ಕು ಮೆಟ್ಟಿಲು ಹತ್ತಿಬಿಡುತ್ತಿದ್ದಳು. ಅಜ್ಜ ಆ ಶಬ್ದವನ್ನು ಕಲಿತರು. ಬರಬರುತ್ತಾ ಚಹಾದ ಕೆಟಲು ಎತ್ತಿ ತೋರಿಸಿ ತಾವೇ "ಆಮ್ಯಾಲ?" ಎಂದು ಕೇಳುವುದು, ಇವಳು ತಲೆ ಆಡಿಸುವುದು ಇಬ್ಬರ ನಡುವಿನ ದಿನನಿತ್ಯದ ಮಾತಾಯಿತು.

ಚಳಿಗಾಲ ಕಾಲಿಟ್ಟ ಮೇಲೆ ಒಂದು ಶನಿವಾರ ಅಜ್ಜ, "ನಾಳೆ ಬರ್ರಿ, ಗುಡ್ಡದ ಪಾರ್ಕು ತೋರಿಸ್ತೇನಿ. ಮಂದಿ ಎಲ್ಲಾ ಹೋದ ಮ್ಯಾಲ ನೋಡಬೇಕು ಅದನ್ನ" ಎಂದರು. ಅವರು ಆಡಿದ್ದು ಇಂಗ್ಲಿಷು. ಆದರೆ ಮೊಂಡಾಗಿ, ಲಗುಬಗೆಯಿಂದ ಆಡುತ್ತಿದ್ದ ಆ ಮಾತಿಗೆ ನಮ್ಮ ಕಡೆಯ ಭಾಷೆಯೇ ಒಪ್ಪುತ್ತದೆ, ಹಾಗೇ ಬರೆಯುತ್ತೇನೆ.

ಮುಚ್ಚಿದ ಬಾಗಿಲು

ಮುಂಜಾನೆ ನೀಲವ್ವ ಊರಿನಿಂದ ತಂದ ಜೋಳದ ಹಿಟ್ಟಿನ ಡಬ್ಬಿಯ ತಳ ಕೆರೆದು ರೊಟ್ಟಿ ಬಡಿದಳು. ಸೀರೆಯ ಒಳಗೆ ನನ್ನ ಉಣ್ಣೆಯ ಪ್ಯಾಂಟು, ಕಾಲಿಗೆ ಬೂಟು. ರೊಟ್ಟಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಕೂಸನ್ನು ಕಟ್ಟಿಕೊಂಡ ಹಾಗೆ ಎದೆಗೆ ಕಟ್ಟಿಕೊಂಡು ಕೊರಳ ಹಿಂದೆ ಗಂಟು ಹಾಕಿದಳು. ಮೇಲೆ ಅಜ್ಜ ಕೊಟ್ಟ ಕೋಟು. ಅದು ಅವರ ಹೆಂಡತಿಯದು.

"ರೊಟ್ಟಿಗೂ ಕೋಟ್ ತೊಡಿಸಿದೇನು?" ಎಂದೆ.

"ತಣ್ಣಗಾದ್ರ ಚರ್ಮ ಆಗ್ತಾವ್ರಿ. ನಿಮಗ ಅಗಿಯಾಕ ಆಗೂದಿಲ್ಲ."

ಅಜ್ಜನ ಕಾರಿನಲ್ಲಿ ಹೋಗುವಾಗ ಹಿಂದೆ ಕೂತಿದ್ದ ಅವಳು ತನ್ನ ಫ್ಲಾಸ್ಕಿನಿಂದ ನೀರು ಕುಡಿಯುವ ಮೊದಲು ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಹೊರಗೆ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಕನ್ನಡಿಯಲ್ಲಿ ಅಜ್ಜ ನೋಡಿದರು.

"ಏನದು? ಗಡಿಯಾರೇನು?"

"ಅಲ್ಲ, ಅವಳ ದೇವರು," ಎಂದೆ. "ಆ ಬೆಳ್ಳಿ ಡಬ್ಬಿಯೊಳಗೆ ಲಿಂಗ ಇದೆ. ನಮ್ಮಲ್ಲಿ ಹುಟ್ಟಿದ ಕೂಸಿಗೇ ಕಟ್ಟುತ್ತಾರೆ, ಮಣ್ಣಿಗೆ ಹೋಗುವ ತನಕ ಮೈಮೇಲೇ ಇರಬೇಕು. ಉಣ್ಣುವ ಮೊದಲು, ನೀರು ಕುಡಿಯುವ ಮೊದಲು ಅದಕ್ಕೆ ನಮಸ್ಕಾರ. ಅವಳ ಹೊರತು ಬೇರೆ ಯಾರೂ ಅದನ್ನು ಮುಟ್ಟಬಾರದು."

"ಗಂಡನೂ?"

"ಗಂಡನೂ."

"ನಿಂದು ಎಲ್ಲೈತಿ?"

"ಪೆಟ್ಟಿಗೆಯಲ್ಲಿ," ಎಂದೆ. ಕಾಲೇಜು ಸೇರಿದಾಗಿನಿಂದ ಅದು ಅಲ್ಲೇ, ನನ್ನ ಡಿಗ್ರಿಯ ಕಾಗದದ ಜೊತೆಗೆ. ಅಜ್ಜ ಮೂಗಿನಲ್ಲಿ ನಕ್ಕರು.

ಪಾರ್ಕಿನ ಬಾಗಿಲಲ್ಲಿ ಟಿಕೀಟಿನ ಗೂಡು ಮುಚ್ಚಿತ್ತು. ಗುಡ್ಡದ ನೆತ್ತಿಗೆ ಹೋಗುವ ರಸ್ತೆಗೆ ಅಡ್ಡ ಮರ ಹಾಕಿ ಬೀಗ ಜಡಿದಿದ್ದರು. ನಮ್ಮಲ್ಲಾದರೆ ಬೀಗದ ಪಕ್ಕದ ಬೇಲಿಯಲ್ಲಿ ಒಂದು ಕಂಡಿ ಇರುತ್ತದೆ, ಆ ಕಂಡಿಯೇ ನಿಜವಾದ ಬಾಗಿಲು. ಇಲ್ಲಿ ಕಂಡಿ ಇರಲಿಲ್ಲ. ಅಜ್ಜ ಕೆಳಗಿನ ರಸ್ತೆ ಹಿಡಿದರು. ಮುಂದೆ ಎರಡು ರಸ್ತೆ ಕೂಡುವಲ್ಲಿ 'ನಿಲ್ಲಿ' ಎಂಬ ಫಲಕ ಬಂತು. ಕಣ್ಣು ಹಾಯುವಷ್ಟು ದೂರ ನರಪಿಳ್ಳೆಯೂ ಇಲ್ಲ. ಆದರೂ ಅಜ್ಜ ಕಾರು ಪೂರ್ತಿ ನಿಲ್ಲಿಸಿ, ಎಡಕ್ಕೆ ಬಲಕ್ಕೆ ನೋಡಿದರು.

"ಯಾರ್ ಬರ್ತಾರಂತ ನಿಂತಾರ್ರಿ?" ಎಂದಳು ನೀಲವ್ವ.

ನಾನು ಕೇಳಿದೆ. "ಯಾರೂ ಬರೂದಿಲ್ಲ," ಎಂದರು ಅಜ್ಜ. "ಆದ್ರ ನಿಲ್ಲು ಅಂತ ಬರದೈತಲ್ಲ."

ಮುಂದೆ ಒಂದು ತಿರುವಿನಲ್ಲಿ ನಮ್ಮ ಸಾರಂಗಕ್ಕಿಂತ ದೊಡ್ಡದಾದ ಜಿಂಕೆಗಳ ಹಿಂಡು ರಸ್ತೆಯ ನಡುವೆ ನಿಂತಿತ್ತು. ಅಜ್ಜ ಹಾರ್ನು ಒತ್ತಲಿಲ್ಲ, ಸುಮ್ಮನೆ ಕಾದರು. ನೀಲವ್ವನಿಗೆ ತಾಳ್ಮೆ ಸಾಲದೆ ಕಿಟಕಿ ಇಳಿಸಿ, ಕನ್ನೊಳ್ಳಿಯ ಅಕ್ಕನ ಮನೆಯಲ್ಲಿ ಎಮ್ಮೆ ಹೊಡೆಯುವ ದನಿಯಲ್ಲಿ "ಹೈ! ಹೈ!" ಎಂದಳು. ಹಿಂಡಿನ ಯಜಮಾನ ಕೊಂಬು ತಿರುಗಿಸಿ ಅವಳನ್ನು ನೋಡಿತು, ಒಂದು ಹೆಜ್ಜೆ ಸರಿಯಲಿಲ್ಲ. "ಕನ್ನಡ ತಿಳಿಯೂದಿಲ್ಲ ಇದಕ್ಕ" ಎಂದು ಕಿಟಕಿ ಏರಿಸಿಕೊಂಡಳು. ಅಜ್ಜ ಟೊಪ್ಪಿಗೆ ಅಲುಗಾಡುವಷ್ಟು ನಕ್ಕರು.

ದಿಮ್ಮಿಯ ಸೇತುವೆ

ಕಾರು ನಿಲ್ಲಿಸಿದಲ್ಲಿಂದ ಒಂದು ಕಾಲುದಾರಿ ಮೇಲಿನ ಕೆರೆಗೆ ಹೋಗುತ್ತಿತ್ತು. ಸ್ವಲ್ಪ ದೂರ ನಡೆದರೆ ಒಂದು ಹಳ್ಳ, ಅದರ ಮೇಲೆ ಮರದ ದಿಮ್ಮಿಗಳನ್ನು ಕೂಡಿಸಿದ ಸೇತುವೆ. ಅಜ್ಜ ಅಲ್ಲೇ ಒಂದು ಬಿದ್ದ ಮರದ ಮೇಲೆ ಕೂತು ಮೊಣಕಾಲು ಒತ್ತಿಕೊಂಡರು.

"ನಂದು ಇಲ್ಲೀತನಕ. ನಮ್ಮಾಕಿ ಮ್ಯಾಲ ಹೋಗಿ ಬರ್ತಿದ್ದಳು, ನಾ ಇಲ್ಲೇ ಕೂತು ಆಕಿ ದಾರಿ ಕಾಯ್ತಿದ್ದೆ. ಹೋಗಿ ಬರ್ರಿ."

ಪ್ರತಿ ವರ್ಷ ಪ್ರವಾಸಿಗರ ಗದ್ದಲ ಮುಗಿದ ಮೇಲೆ ಅವರಿಬ್ಬರೂ ಬರುತ್ತಿದ್ದರಂತೆ. ಆಕೆ ಹೋದ ಮೇಲೆ ಇದೇ ಮೊದಲು. ನಾನು ಅದನ್ನು ಹೇಳಿದಾಗ ನೀಲವ್ವ ಮೈಮೇಲಿನ ಕೋಟನ್ನು ಒಮ್ಮೆ ನೋಡಿಕೊಂಡಳು, ಮುದುಡಿದ ಕಾಲರನ್ನು ನೆಟ್ಟಗೆ ಮಾಡಿಕೊಂಡಳು.

ಕೆರೆ

ದಾರಿಯುದ್ದಕ್ಕೂ ನಾವಿಬ್ಬರೇ. ಎಲೆ ಉದುರಿಸಿದ ಬಿಳಿ ತೊಗಟೆಯ ಮರಗಳು, ನೆರಳಿದ್ದಲ್ಲಿ ಹಳೆಯ ಹಿಮ. ಹಾಗೆ ಇಬ್ಬರೇ ನಡೆದದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು. ಊರಲ್ಲಾದರೆ ಅವಳು ಅವ್ವನ ಜೊತೆ ಹಿಂದೆ, ನಾನು ಕಾಕಾನ ಜೊತೆ ಮುಂದೆ. ಏದುಸಿರು ಬಿಡುತ್ತ ಹತ್ತುವಾಗ ಒಂದು ಕಡೆ ಕೈ ಕೊಟ್ಟೆ. ಅವಳು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಿಡಿದಳು.

ಕೆರೆಯ ಅಂಚು ಹೆಪ್ಪುಗಟ್ಟಿತ್ತು. ನೀಲವ್ವ ಬಗ್ಗಿ ಅದರ ಮೇಲೆ ಬೆರಳಾಡಿಸಿ, "ಕೃಷ್ಣವ್ವ ಹಿಂಗ ಗಟ್ಟಿ ಆಗಿದ್ರ ಹರಿಗೋಲ್ ಯಾಕ ಬೇಕಿತ್ತು, ನಡ್ಕೋತ ದಾಟಬಹುದಿತ್ತು" ಎಂದಳು. ಬಂಡೆಯ ಮೇಲೆ ಕೂತು, ಮರಗಟ್ಟಿದ ಬೆರಳುಗಳನ್ನು ಕೊರಳ ಹಿಂದೆ ಒಯ್ದು ರೊಟ್ಟಿಯ ಗಂಟು ಬಿಚ್ಚತೊಡಗಿದಳು. ಬಹಳ ಹೊತ್ತು ಹಿಡಿಯಿತು. ರೊಟ್ಟಿ ಇನ್ನೂ ಬೆಚ್ಚಗಿತ್ತು. ಕರಡಿಗೆ ಕಣ್ಣಿಗೊತ್ತಿಕೊಂಡಳು, ನನಗೆ ಬಡಿಸಿದಳು. ಶೇಂಗಾ ಚಟ್ನಿ, ಇಂಡಿಯ ನಿಂಬೆಕಾಯಿಯ ಉಪ್ಪಿನಕಾಯಿ. ಅಂಥ ರುಚಿಯಾದ ಊಟ ನಾನು ಆ ದೇಶದಲ್ಲಿ ಮತ್ತೆ ಉಣ್ಣಲಿಲ್ಲ.

ಬೂದು ಬಣ್ಣದ ಒಂದು ಹಕ್ಕಿ ಬಂದು ನಿರ್ಭಿಡೆಯಿಂದ ಅವಳ ಅಂಗೈ ಮೇಲೆಯೇ ಕೂತಿತು. ರೊಟ್ಟಿಯ ಚೂರು ಕಚ್ಚಿಕೊಂಡು ಹೋಗಿ, ಮತ್ತೆ ಬಂತು. "ಇದಕ್ಕ ಕನ್ನಡ ತಿಳೀತೈತ್ರಿ!" ಎಂದು ಅವಳು ಸಣ್ಣ ಹುಡುಗಿಯ ಹಾಗೆ ನಕ್ಕಳು. ಇಳಿಯುವಾಗ ಬಿಸಿಲು ಬಿದ್ದಿತ್ತು, ಸೆಕೆಯೆಂದು ಕೋಟಿನ ಗುಂಡಿ ಬಿಚ್ಚಿಕೊಂಡೇ ನಡೆದಳು. ಸೇತುವೆಯ ಬಳಿ ಅಜ್ಜ ಕೂತಲ್ಲೇ ಇದ್ದರು. ಮೂವರೂ ಕಾರಿಗೆ ಮರಳಿದೆವು.

ಕಾರಿನ ಬಳಿ

ಅಜ್ಜ ತಮ್ಮ ಚಹಾದ ಫ್ಲಾಸ್ಕು ಎತ್ತಿ ತೋರಿಸಿದರು. "ಆಮ್ಯಾಲ?"

ನೀಲವ್ವ ನಕ್ಕು ತಲೆ ಆಡಿಸಿ, ತನ್ನ ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿಕೊಂಡಳು. ಎಡಗೈಯನ್ನು ಎದೆಗೆ ಒಯ್ದಳು. ಕೈ ಅಲ್ಲೇ ನಿಂತಿತು. ಕೊರಳು ತಡವಿದಳು, ಸೀರೆಯ ಮಡಿಕೆ ತಡವಿದಳು, ಕೋಟು ಬಿಚ್ಚಿ ಝಾಡಿಸಿದಳು.

"ಏನ್ರಿ... ಇಲ್ಲರಿ."

ಕರಡಿಗೆಯೂ ಇರಲಿಲ್ಲ, ಅದನ್ನು ಕಟ್ಟಿದ್ದ ಶಿವದಾರವೂ ಇರಲಿಲ್ಲ. ಏನಾಯಿತೆಂದು ಅವಳಿಗೇ ಹೊಳೆಯಿತು. ಕೊರಳ ಹಿಂದೆ ಎರಡು ಗಂಟುಗಳಿದ್ದವು, ಒಂದು ರೊಟ್ಟಿಯದು, ಒಂದು ಶಿವದಾರದ್ದು. "ಬಟ್ಟು ಸೆಟದಿದ್ವು. ಮೊದಲ ಇದನ್ನ ಸಡ್ಲ ಮಾಡೇನ್ರಿ ನಾ, ಅದು ಅಂತ ತಿಳದು." ಸಡಿಲಾದ ಗಂಟು ಇಳಿಯುವ ದಾರಿಯಲ್ಲಿ ಎಲ್ಲೋ ಬಿಚ್ಚಿಕೊಂಡು, ತೆರೆದ ಕೋಟಿನೊಳಗಿಂದ ಜಾರಿತ್ತು. ನನ್ನ ರೊಟ್ಟಿ ಬೆಚ್ಚಗಿರಲಿ ಎಂದು ಕಟ್ಟಿದ ಗಂಟು ಅದು.

ಅವಳು ಮುಚ್ಚಳದ ನೀರನ್ನು ಮರಳಿ ಫ್ಲಾಸ್ಕಿಗೆ ಸುರಿದಳು. ಲಿಂಗ ಕಳೆದುಕೊಂಡವರು ಅದು ಸಿಗುವ ತನಕ ನೀರು ಮುಟ್ಟಬಾರದೆಂದು ನಮ್ಮ ಹಿರಿಯರು ನಡೆಸಿಕೊಂಡು ಬಂದದ್ದು. ಊರಲ್ಲಾದರೆ ಮಠದ ಅಯ್ಯನವರು ಬಂದು ವಿಧಿ ಮಾಡಿ ಬೇರೆ ಲಿಂಗ ಕಟ್ಟುತ್ತಾರೆ, ಮನಸ್ಸು ತಿಳಿಯಾಗುತ್ತದೆ. ಈ ಹಿಮದ ಗುಡ್ಡದಲ್ಲಿ ಯಾವ ಮಠ, ಯಾವ ಅಯ್ಯ? ಮಿಕ್ಕ ವಿಷಯದಲ್ಲಿ ನೀಲವ್ವ ಹಟದವಳಲ್ಲ. ಆದರೆ ಅವಳ ಆಯಿ ಹರಿಗೋಲಿನಿಂದ ಇಳಿಯುವಾಗ ಹೀಗೇ ಕಳೆದುಕೊಂಡು, ಸಿಗುವ ತನಕ ಕೃಷ್ಣೆಯ ದಂಡೆಯಿಂದ ಏಳಲಿಲ್ಲವಂತೆ. ಹೊಳೆ ಮುಂದೆಯೇ ಹರಿಯುತ್ತಿದ್ದರೂ ನಾಲಿಗೆಗೆ ಹನಿ ಹಾಕಲಿಲ್ಲವಂತೆ. ಆ ಆಯಿಯ ಮೊಮ್ಮಗಳು ಇವಳು.

ಆಗಲೇ ಗುಡ್ಡದ ಮೇಲಿಂದ ಮೋಡ ಇಳಿಯತೊಡಗಿತ್ತು. ಅಜ್ಜನಿಗೆ ಎಲ್ಲ ಹೇಳಿದೆ. ಅವರು ಆಕಾಶ ನೋಡಿ, "ಲಗೂ ಹೋಗ್ರಿ. ಬರ್ಫು ಬಿತ್ತಂದ್ರ ನೆಲಾನ ಕಾಣೂದಿಲ್ಲ" ಎಂದರು. ನೀವು ಕಾರಿನಲ್ಲೇ ಬೆಚ್ಚಗೆ ಕೂತಿರಿ ಎಂದು ಹೇಳಿ ನಾವಿಬ್ಬರೂ ಓಡಿದೆವು.

ಮತ್ತೆ ಕೆರೆ

ಬಂಡೆಯ ಬಳಿಯೇ ಬಿದ್ದಿರಬೇಕೆಂಬ ಆಸೆಯಲ್ಲಿ ಸೇತುವೆ ದಾಟಿ ಕಾಲುದಾರಿಯ ಮೇಲೆಯೇ ಕಣ್ಣಿಟ್ಟು ಹತ್ತಿದೆವು. ಬಂಡೆಯ ಸುತ್ತ ಇಬ್ಬರೂ ಮೊಣಕಾಲೂರಿ ಹುಡುಕಿದೆವು. ರೊಟ್ಟಿಯ ಚೂರು ಸಿಕ್ಕಿತು. ಹಕ್ಕಿ ಮತ್ತೆ ಬಂದು ಅವಳ ಕೈ ನೋಡಿತು. ಅವಳು ಅದರತ್ತ ತಿರುಗಲಿಲ್ಲ. ಹಿಮ ಉದುರಲು ಶುರುವಾಯಿತು, ಹತ್ತಿ ಬಿಡಿಸುವಾಗ ಹಾರುವ ಎಳೆಗಳ ಹಾಗೆ, ಸದ್ದಿಲ್ಲದೆ.

ಓಡಿ ಹತ್ತಿದ್ದಕ್ಕೆ ಅವಳ ತುಟಿ ಒಣಗಿ ಬಿಳಿಚಿಕೊಂಡಿತ್ತು. ನಾನು ಫ್ಲಾಸ್ಕು ಹಿಡಿದೆ. ಬೇಡವೆಂದು ಕೈ ಮಾಡಿದಳು.

"ನೀಲಾ, ನನ್ನದು ಐತಲ್ಲ ಪೆಟ್ಟಿಗ್ಯಾಗ. ಅದನ್ನ ಕಟಗೊ."

ಅವಳು ನನ್ನನ್ನು ನೋಡಿದಳು, ಸಿಟ್ಟಿನಿಂದಲ್ಲ, ತಿಳಿಯದ ಕೂಸಿಗೆ ಹೇಳುವ ಹಾಗೆ ಕೇಳಿದಳು: "ನಿಮ್ಮ ಉಸಿರು ನಾ ಆಡಾಕ ಬರ್ತೈತೇನ್ರಿ?"

ಅಲ್ಲಿಯವರೆಗೆ ನನಗೆ ಒಳಗೊಳಗೇ ಒಂದಿಷ್ಟು ಸಿಟ್ಟಿತ್ತು. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಸಂಕಟವೇ ಎಂದು. ಆ ಮಾತಿಗೆ ಅದು ಕರಗಿತು, ಬರೀ ಹೆದರಿಕೆ ಉಳಿಯಿತು. ಈ ದೇಶದಲ್ಲಿ ಅವಳಿಗೆ ತವರಿನವರು ಯಾರೂ ಇರಲಿಲ್ಲ, ಆಡಲು ಭಾಷೆ ಇರಲಿಲ್ಲ. ಹುಟ್ಟಿದಂದಿನಿಂದ ಜೊತೆಗಿದ್ದದ್ದು ಅದೊಂದೇ, ಅದೂ ಹೋಗಿತ್ತು.

"ನಿಮಗ ಭಾಳ ತ್ರಾಸ ಕೊಟ್ಟೆ" ಎಂದಳು. "ನೀವರ ನೀರು ಕುಡೀರಿ." ನಾನೂ ಕುಡಿಯಲಿಲ್ಲ. ನನ್ನದು ಧರ್ಮವಲ್ಲ, ಅವಳ ಮುಂದೆ ನೀರು ಗಂಟಲಲ್ಲಿ ಇಳಿಯುವಂತಿರಲಿಲ್ಲ ಅಷ್ಟೇ.

ಇಳಿಯುವಾಗ ದಾರಿ ಬೆಳ್ಳಗಾಗಿತ್ತು. ಒಂದೊಂದು ಕಲ್ಲನ್ನೂ ಕಾಲಿನಿಂದ ಸವರಿ ನೋಡಿದೆವು. ಅವಳು ತುಟಿಯಲ್ಲೇ ಶಿವಾ ಶಿವಾ ಎನ್ನುತ್ತಿದ್ದಳು. ಹೆಜ್ಜೆಗೊಮ್ಮೆ ನನ್ನ ಆಸೆ ಕಡಿಮೆಯಾಗುತ್ತಿತ್ತು. ಅವಳನ್ನು ಕಾರಿನಲ್ಲಿ ಕೂರಿಸುವುದು ಹೇಗೆ, ನಾಳೆ ಮುಂಜಾನೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ.

ಮತ್ತೆ ದಿಮ್ಮಿಯ ಸೇತುವೆ

ಹಳ್ಳದ ಸದ್ದು ಕೇಳಿಸಿತು. ಸೇತುವೆಯ ಆಚೆ, ಬಿದ್ದ ಮರದ ಪಕ್ಕದಲ್ಲಿ ಯಾರೋ ನಿಂತಿದ್ದರು. ಮೊದಲಿಗೆ ನನಗೆ ಗುರುತೇ ಹತ್ತಲಿಲ್ಲ. ಬೋಳು ತಲೆ, ತಲೆಯ ಮೇಲೆ ಒಂದು ಪದರು ಹಿಮ, ಎರಡೂ ಕೈ ಕಂಕುಳಲ್ಲಿ. ಹೆರಾಲ್ಡ್ ಅಜ್ಜ!

"ಎಷ್ಟ್ ಒದರೇನಿ! ಈ ಹಳ್ಳದ ಸಪ್ಪಳದಾಗ ನಿಮಗ ಕೇಳಸಬೇಕಲ್ಲ" ಎಂದರು. ಹಲ್ಲು ಕಡಕಡ ಎನ್ನುತ್ತಿದ್ದವು. ಗದ್ದದಿಂದ ಕೆಳಗೆ ತೋರಿಸಿದರು.

ಅವರ ಕಾಲ ಬಳಿ, ನೆಲದ ಮೇಲೆ, ಆ ಕಂದು ಟೊಪ್ಪಿಗೆ ಬೋರಲಾಗಿ ಕೂತಿತ್ತು.

ನಾವು ಹೋದ ಮೇಲೆ ಅವರಿಗೆ ನೆನಪಾಯಿತಂತೆ. ಕೆರೆಯಿಂದ ಇಳಿದು ಬಂದ ನೀಲವ್ವ ಅವರ ಪಕ್ಕದಲ್ಲಿ ಕೂತು, ಬಗ್ಗಿ ಬೂಟಿನ ಲಾಡಿ ಕಟ್ಟಿಕೊಂಡಿದ್ದಳು. ನನಗೂ ನೆನಪಿರಲಿಲ್ಲ, ಅವಳಿಗೂ ಇರಲಿಲ್ಲ. ತಮ್ಮ ಹೆಂಡತಿಯ ಕೋಟು ಆ ಮರದ ಮೇಲೆ ಮತ್ತೆ ಕೂತದ್ದನ್ನು ಅವರು ನೋಡಿದ್ದರು, ಹಾಗಾಗಿ ಅವರಿಗೆ ನೆನಪಿತ್ತು. ಮೊಣಕಾಲು ಎಳೆದುಕೊಂಡು ಬಂದರೆ ಮರದ ಬುಡದ ಹುಲ್ಲಿನಲ್ಲಿ ದಾರದ ತುದಿ ಕಂಡಿತು. ಅಷ್ಟರಲ್ಲಿ ಹಿಮ ಬೀಳತೊಡಗಿತು.

"ಎತ್ತಿಕೊಂಡು ಕಾರಿಗೆ ಹೋಗಬಹುದಿತ್ತಲ್ಲ!" ಎಂದೆ. ಅವರ ಕಿವಿ ನೀಲಿಗಟ್ಟಿದ್ದವು.

"ಮುಟ್ಟಬಾರದು ಅಂದಿದ್ದಿಯಲ್ಲ ನೀನು?" ಎಂದರು ಅಜ್ಜ. "ಬಿಟ್ಟು ಹೋದ್ರ ಬರ್ಫು ಮುಚ್ಚಿಬಿಡ್ತಿತ್ತು."

ನಾನು ಅದನ್ನು ನೀಲವ್ವನಿಗೆ ಹೇಳಿದೆ. ಅವಳು ಹಿಮದಲ್ಲೇ ಮೊಣಕಾಲೂರಿ, ಎರಡೂ ಕೈಯಿಂದ ಟೊಪ್ಪಿಗೆ ಸರಿಸಿದಳು. ಅಂಗೈಯಗಲದ ಹಸಿರು ಹುಲ್ಲು, ಅದರ ನಡುವೆ ಬೆಳ್ಳಿಯ ಕರಡಿಗೆ, ಒಣಗಿದ್ದ ಶಿವದಾರ. ಎತ್ತಿ ಎದೆಗವಚಿಕೊಂಡಳು. ಅಳುವವಳಲ್ಲ ನೀಲವ್ವ, ವಿಮಾನ ಹತ್ತುವ ದಿನ ತಾಯಿಯನ್ನು ಬಿಟ್ಟು ಬರುವಾಗಲೂ ಅತ್ತಿರಲಿಲ್ಲ. ಅಲ್ಲಿ ದನಿ ತೆಗೆದು ಅತ್ತಳು. ಮರಗಟ್ಟಿದ ಬೆರಳುಗಳಲ್ಲಿ ತಾನೇ ಗಂಟು ಹಾಕಿಕೊಂಡಳು, ಜಗ್ಗಿ ನೋಡಿದಳು, ಮತ್ತೊಂದು ಗಂಟು ಹಾಕಿದಳು.

ಅಜ್ಜನ ಕೋಟಿನ ಕಿಸೆಯಲ್ಲಿ ಅವರ ಚಹಾದ ಫ್ಲಾಸ್ಕಿತ್ತು. ಮುಚ್ಚಳಕ್ಕೆ ಬಗ್ಗಿಸಿ, ಅಭ್ಯಾಸಬಲದಿಂದ ಅವಳತ್ತ ಸ್ವಲ್ಪ ಎತ್ತಿ ತೋರಿಸಿದರು. ಬೇಡವೆನ್ನುತ್ತಾಳೆಂದು ಅವರಿಗೆ ಗೊತ್ತೇ ಇತ್ತು.

"ಆಮ್ಯಾಲ?"

"ಈಗ ಕೊಡ್ರಿ, ಯಪ್ಪಾ" ಎಂದು ನೀಲವ್ವ ಎರಡೂ ಕೈ ಚಾಚಿದಳು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಆ ಮನೆಯ ಚಹಾವನ್ನು ಕಡೆಯ ಹನಿಯ ತನಕ ಕುಡಿದಳು.

ಟೊಪ್ಪಿಗೆ ಇನ್ನೂ ನೆಲದ ಮೇಲೇ ಇತ್ತು. ಅಜ್ಜ ಅದನ್ನು ನೋಡುತ್ತಿದ್ದರು, ಎತ್ತಿಕೊಳ್ಳುತ್ತಿರಲಿಲ್ಲ. ಕೊನೆಗೆ ನನ್ನತ್ತ ಬಗ್ಗಿ ಸಣ್ಣ ದನಿಯಲ್ಲಿ, "ನಿಮ್ಮ ದೇವರ ಮ್ಯಾಲ ಇಟ್ಟಿದ್ದದು. ಆಕಿನ್ನ ಕೇಳು, ಇನ್ನ ನಾ ಹಾಕ್ಕೋಬಹುದೇನು?" ಎಂದರು.

ನಾನು ಕೇಳಿದೆ. ನೀಲವ್ವ ಕಣ್ಣು ಒರೆಸಿಕೊಂಡು ನಕ್ಕಳು. "ತಲಿ ಮ್ಯಾಲ ಇಡಲಾರದ ಮತ್ತೆಲ್ಲಿ ಇಡ್ತಾರ, ಕೇಳ್ರಿ ಅವರನ್ನ."

ಟೊಪ್ಪಿಗೆ ಎತ್ತಿ ಹಿಮ ಝಾಡಿಸಿದಳು. ಕೋಟಿನ ಒಳಗಿನಿಂದ ಬೆಚ್ಚಗಿದ್ದ ಸೆರಗು ಎಳೆದು, ತಂಗಡಗಿಯಲ್ಲಿ ಹೊಳೆಯಿಂದ ಮಿಂದು ಬಂದ ಅಪ್ಪನ ತಲೆ ಒರೆಸುವ ಹಾಗೆ, ಆ ಬೋಳು ತಲೆಯನ್ನೂ ನೀಲಿಗಟ್ಟಿದ ಕಿವಿಗಳನ್ನೂ ಒರೆಸತೊಡಗಿದಳು. ಅಜ್ಜ ಅವಳ ಕೈಗೆ ಎಟುಕಲೆಂದು ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತರು. ಒರೆಸಿ ಆದ ಮೇಲೆ ಅವಳೇ ಟೊಪ್ಪಿಗೆ ತೊಡಿಸಿದಳು.